ಹದಿನೈದನೆಯ ಚೀಟಿ

ಸೆಪ್ಟೆಂಬರ್ 5, ಮಂಗಳವಾರ

ಅಂತೂ ಹದಿನೈದು ಆಯಿತು. ಐದನೆಯ ತರಗತಿಯ ಧರ್ಮಪಾಠ ಈ ವರ್ಷವೂ ನಡೆಯುತ್ತದೆ.

ಶುಕ್ರವಾರ ಹೆಡ್ಮಾಸ್ಟರ್ ತಿಹೊಮಿರ್ ಹದಿನಾಲ್ಕು ಚೀಟಿಗಳನ್ನು ಮೇಜಿನ ಮೇಲೆ ಇಸ್ಪೀಟಿನ ಎಲೆಗಳ ಹಾಗೆ ಹರಡಿ ಕೂತಿದ್ದರು. "ಇನ್ನೊಂದು ಬೇಕು ರಾದೊಯ್ಕಾ. ಹದಿನೈದು ಮಕ್ಕಳಿಲ್ಲದೆ ಗುಂಪು ಮಾಡೋ ಹಾಗಿಲ್ಲ. ನಿಮ್ಮ ಪೀರಿಯಡ್ಡು ಕಡಿಮೆ ಬೀಳುತ್ತೆ, ಅದನ್ನ ನದಿ ಆಚೆ ಹಳ್ಳಿ ಶಾಲೇಲಿ ತುಂಬಿಸಬೇಕಾಗುತ್ತೆ." ಆ ಹಳ್ಳಿಗೆ ಬೆಳಿಗ್ಗೆ ಐದೂಕಾಲಿಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ನನಗೆ ಐವತ್ತಮೂರು. ಆ ಬಸ್ಸಿನ ಮೆಟ್ಟಿಲು ನೆನೆದರೇ ನನ್ನ ಮಂಡಿ ಹಿಡಿದುಕೊಳ್ಳುತ್ತದೆ.

ಇಂದು ಚೀಟಿಗಳನ್ನೆಲ್ಲ ಮತ್ತೆ ತಿರುವಿಹಾಕಿದೆ. ಒಂದು ಚೀಟಿ ಧರ್ಮಪಾಠದ ಕಟ್ಟಿನಲ್ಲೂ ಇರಲಿಲ್ಲ, ನಾಗರಿಕ ಪಾಠದ ಕಟ್ಟಿನಲ್ಲೂ ಇರಲಿಲ್ಲ. ಮೊದಲ ಸಾಲು ಧರ್ಮಪಾಠ, ಎರಡನೆಯದು ನಾಗರಿಕ ಪಾಠ; ಮಗುವಿಗೆ ಬೇಕಾದ ಒಂದಕ್ಕೆ ತಂದೆಯೋ ತಾಯಿಯೋ ಸುತ್ತು ಹಾಕಿ ಕೆಳಗೆ ಸಹಿ ಮಾಡಬೇಕು. ಇದರಲ್ಲಿ ಸಹಿ ಇದೆ, ಸುತ್ತಿಲ್ಲ. ದುನ್ಯಾ ಗಾವ್ರಿಚ್, ಈ ಬೇಸಿಗೆಯಲ್ಲಿ ಊರಿಗೆ ಬಂದ ಹುಡುಗಿ. ತಾಯಿ ಗಡಿಬಿಡಿಯಲ್ಲಿ ಮರೆತಿರಬೇಕು. ಗಾವ್ರಿಚ್ ಅನ್ನುವವರು ನಮ್ಮ ಚರ್ಚಿನವರಲ್ಲದೆ ಇನ್ನಾರು? ಮೊದಲ ಸಾಲಿಗೆ ನಾನೇ ಸುತ್ತು ಹಾಕಿದೆ. ಅದೂ ನೀಲಿ ಪೆನ್ನು, ಇದೂ ನೀಲಿ ಪೆನ್ನು.

ಹೆಡ್ಮಾಸ್ಟರ್ ಕನ್ನಡಕ ಏರಿಸಿ, "ಇದು ಖಾಲಿ ಇತ್ತಲ್ಲ?" ಅಂದರು. "ತಾಯಿ ಬಂದು ಹಾಕಿ ಹೋದಳು" ಅಂದೆ. ಅರ್ಧ ಬಿಟ್ಟದ್ದನ್ನು ಪೂರ್ತಿ ಮಾಡುವುದು ಮೇಷ್ಟ್ರುಗಳು ದಿನವೂ ಮಾಡುವ ಕೆಲಸ. ಇದನ್ನು ಇಷ್ಟುದ್ದ ಯಾಕೆ ಬರೆದೆನೋ.

ಸೆಪ್ಟೆಂಬರ್ 12, ಮಂಗಳವಾರ

ಮೊದಲ ಪಾಠ. ಪ್ರಾರ್ಥನೆಗೆ ಎದ್ದು ನಿಂತಾಗ ಶಿಲುಬೆಯ ಗುರುತು ಮಾಡುತ್ತ ಹದಿನಾಲ್ಕು ಕೈಗಳು ಹಣೆಗೆ, ಹೊಟ್ಟೆಗೆ, ಬಲ ಭುಜಕ್ಕೆ, ಎಡ ಭುಜಕ್ಕೆ ಹೋದವು. ಹದಿನೈದನೆಯವಳು ಪಕ್ಕದವಳ ಕೈ ನೋಡುತ್ತ ಒಂದು ಕ್ಷಣ ತಡವಾಗಿ ಹಾಗೆಯೇ ಮಾಡಿದಳು. ಹೊಸ ಊರು, ನಾಚಿಕೆ ಇರುತ್ತದೆ.

ಸ್ಟಾಫ್‌ರೂಮಿನಲ್ಲಿ ಇತಿಹಾಸದ ವಿದಾ ಎಂದಿನಂತೆ ಕಾಲೆಳೆದಳು. "ಏನು ಕಾಮ್ರೇಡ್, ದೇವರು ಇವತ್ತು ಏನಂದ? ಪಂಚವಾರ್ಷಿಕ ಯೋಜನೆ ಪೂರ್ತಿ ಆಯ್ತಂತಾ?"

"ನಿನ್ನನ್ನ ವಿಚಾರಿಸ್ದ ಕಣೇ. ಇನ್ನೂ ಯಾಕೆ ಬಂದಿಲ್ಲ ಅಂದ."

ಇಪ್ಪತ್ತು ವರ್ಷದ ಹಿಂದೆ ಇದೇ ಊರಿನ ಹೈಸ್ಕೂಲಿನಲ್ಲಿ ನಾನು ಸಮಾಜವಾದದ ಪಾಠ ಮಾಡುತ್ತಿದ್ದೆ. ಆ ಪಾಠ ಹೋಯಿತು, ಆ ದೇಶವೂ ಹೋಯಿತು, ಹತ್ತು ವರ್ಷ ಲೈಬ್ರರಿಯಲ್ಲಿ ಪುಸ್ತಕದ ಧೂಳು ಒರೆಸಿದೆ. ಆಮೇಲೆ ಧರ್ಮಪಾಠ ಬಂತು, ಪಾದ್ರಿಗಳ ಹತ್ತಿರ ತರಬೇತಿ ಮಾಡಿಕೊಂಡು ಇಲ್ಲಿಗೆ ಬಂದೆ. ವಿದಾ ಇದನ್ನು ಮರೆಯುವವಳಲ್ಲ. ಆದರೆ ನಂಬಿಕೆಯಿಲ್ಲದೆ ಬಂದವಳು ನಾನಲ್ಲ. ಗಂಡ ತೀರಿಹೋದ ವರ್ಷ ಸುವಾರ್ತೆ ಓದದಿದ್ದರೆ ನಾನು ಉಳಿಯುತ್ತಿರಲಿಲ್ಲ.

ಅಕ್ಟೋಬರ್ 17, ಮಂಗಳವಾರ

ಪ್ರತಿವರ್ಷ ನನಗೆ ತುಂಬ ಇಷ್ಟವಾದ ಪಾಠ ಇಂದಿನದು. ಗೋಡೆಗೆ ದೊಡ್ಡ ಕ್ಯಾಲೆಂಡರ್ ತೂಗುಹಾಕುತ್ತೇನೆ. ಒಬ್ಬೊಬ್ಬರೇ ಎದ್ದು ತಮ್ಮ ಮನೆಯ ಸ್ಲಾವಾ ಯಾವ ಸಂತನದು ಎಂದು ಹೇಳಿ, ಆ ದಿನದ ಮೇಲೆ ತಮ್ಮ ಹೆಸರು ಬರೆಯಬೇಕು. ತಂದೆಯಿಂದ ಮಗನಿಗೆ ಬರುವ ಸಂತ. ಅವನ ದಿನ ಮನೆಯಲ್ಲಿ ಮೇಣದಬತ್ತಿ, ಹಬ್ಬದ ರೊಟ್ಟಿ, ಬೇಯಿಸಿದ ಗೋಧಿ, ಮನೆತುಂಬ ನೆಂಟರು, ಮಕ್ಕಳಿಗೆ ಶಾಲೆಯಿಂದ ರಜೆ. ಹೆಸರು ಮರೆತವನಿಗೂ ತನ್ನ ಸ್ಲಾವಾ ನೆನಪಿರುತ್ತದೆ ಎಂದು ಪಾಠ ಶುರುಮಾಡಿದೆ.

ಹದಿನೈದನೆಯವಳು ಕೊನೆಗೆ ಉಳಿದಳು.

"ನಿಮ್ಮ ಮನೇದು ಯಾವುದಮ್ಮ?"

ಎದ್ದು ನಿಂತು ಕ್ಯಾಲೆಂಡರಿನ ಕಡೆ ನೋಡಿದಳು. ಬೇಕರಿಯವರ ಮಗಳು ತೆಯಾ ಹಿಂದಿನಿಂದ, "ಟೀಚರ್, ಅವಳಿಗೆ ಗೊತ್ತಿಲ್ಲ" ಅಂದಳು. ಒಂದಿಬ್ಬರು ನಕ್ಕರು. "ಎಲ್ಲರಿಗೂ ಇರುತ್ತೆ, ಯೋಚನೆ ಮಾಡು" ಎಂದು ನಾನು ಮತ್ತೆ ಕೇಳಿದೆ. ಮೂರನೆಯ ಸಲವೂ ಕೇಳಿದೆನೋ ಏನೋ.

"ಸಂತ ನಿಕೊಲಾ" ಅಂದಳು.

ಅರ್ಧ ಊರಿನ ಸ್ಲಾವಾ ಅದೇ. ಶಭಾಶ್ ಅಂದೆ. ಹೋಗಿ ಡಿಸೆಂಬರ್ ಹತ್ತೊಂಬತ್ತರ ಚೌಕದಲ್ಲಿ ಸಣ್ಣಗೆ ಹೆಸರು ಬರೆದು ಬಂದು ಕೂತಳು.

ನವೆಂಬರ್ 21, ಮಂಗಳವಾರ

ಪ್ರಧಾನ ದೇವದೂತನ ದಿನ. ನಾಲ್ವರು ಸ್ಲಾವಾ ರಜೆಯಲ್ಲಿದ್ದರು.

ಬೆಳಿಗ್ಗೆ ಸಂತೆಯಲ್ಲಿ ಗಾವ್ರಿಚ್ ಹುಡುಗಿಯ ತಾಯಿ ಸಿಕ್ಕಳು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದ ಕೆಲಸದವಳು. ಎಲ್ಲರೂ ಸೆಕಾ ಅನ್ನುತ್ತಾರೆ. ಗಂಡ ಲಾರಿ ಡ್ರೈವರ್ ಆಗಿದ್ದನಂತೆ, ಮೂರು ವರ್ಷದ ಹಿಂದೆ ಅಪಘಾತದಲ್ಲಿ ಹೋದನಂತೆ. ದೂರದಿಂದಲೇ ನಕ್ಕು ನನ್ನ ಕಡೆ ಬರುತ್ತಿದ್ದಳು. ನಾನು ಎಲೆಕೋಸಿನ ರಾಶಿಯ ಹಿಂದೆ ಸರಿದು, ನನಗೆ ಬೇಡವಾದ ಎರಡು ಕೋಸು ಕೊಂಡು ಮನೆಗೆ ಬಂದೆ. ಅವಳು ಚೀಟಿಯ ಮಾತು ಎತ್ತುತ್ತಿದ್ದಳೆಂದೇನೂ ಅಲ್ಲ.

ಡಿಸೆಂಬರ್ 18, ಸೋಮವಾರ

ನಾಳೆ ನಿಕೊಲಾನ ದಿನ. ಗಾವ್ರಿಚ್ ಹುಡುಗಿಯ ಮನೆಗೆ ಹೋಗೋಣ ಎಂದುಕೊಂಡಿದ್ದೇನೆ. ಸ್ಲಾವಾಗೆ ಯಾರನ್ನೂ ಯಾರೂ ಕರೆಯುವುದಿಲ್ಲ, ನೆನಪಿಟ್ಟುಕೊಂಡು ಹೋಗುವುದೇ ನಮ್ಮ ಮರ್ಯಾದೆ. ಹೊಸ ಊರಿನಲ್ಲಿ ಆ ಇಬ್ಬರ ಮನೆಗೆ ಯಾರು ಹೋಗುತ್ತಾರೆ? ಹೀಗೆ ಅಂದುಕೊಂಡ ಮೇಲೆ ಮನಸ್ಸು ಹಗುರಾಯಿತು. ಒಂದು ಪೊಟ್ಟಣ ಕಾಫಿಪುಡಿ, ಒಂದು ಡಬ್ಬಿ ಚಾಕೊಲೇಟು ತಂದಿಟ್ಟಿದ್ದೇನೆ.

ಡಿಸೆಂಬರ್ 19, ಮಂಗಳವಾರ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಶಾಲೆ ಬಿಟ್ಟ ಮೇಲೆ ಹೊರಟೆವು. ನಾನು, ಮನೆ ತೋರಿಸಲು ತೆಯಾ, ಮತ್ತೆ "ಕ್ರಿಸ್ಮಸ್ ಉಪವಾಸದಲ್ಲಿ ಬರೋ ಸ್ಲಾವಾ, ಮಾಂಸ ಇರಲ್ಲ, ಆದ್ರೂ ಮೀನು ಸಿಗುತ್ತೆ, ನಾನೂ ಬರ್ತೀನಿ" ಎಂದು ಕೋಟು ಏರಿಸಿಕೊಂಡ ವಿದಾ. ರೈಲ್ವೆ ಗೇಟಿನ ಪಕ್ಕದ ಹಳೆಯ ವಸತಿ, ಮೂರನೆಯ ಮಹಡಿ. ಬಾಗಿಲು ತೆರೆದವಳು ದುನ್ಯಾ. ನಮ್ಮನ್ನು ನೋಡಿ ಅವಳ ಮುಖದಲ್ಲಿ ರಕ್ತ ಉಳಿಯಲಿಲ್ಲ. ಆಗಲೇ ತಿರುಗಿ ಬರಬೇಕಿತ್ತು.

ಹಿಂದೆ ತಾಯಿ ಬಂದಳು, ಡ್ಯೂಟಿ ಮುಗಿಸಿ ತಲೆಗೆ ಸ್ನಾನ ಮಾಡಿದ್ದಳು, ಕೂದಲಿಗೆ ಟವೆಲ್ಲು. ವಿದಾ ದೊಡ್ಡ ದನಿಯಲ್ಲಿ, "ಸ್ಲಾವಾದ ಶುಭಾಶಯ, ಮನೆಯೊಡತಿ. ಸಂತ ನಿಕೊಲಾ ನಿಮ್ಮನ್ನ ಕಾಯಲಿ" ಅಂದಳು.

ತಾಯಿ ಮಗಳ ಕಡೆ ನೋಡಿದಳು. ಮಗಳು ನೆಲ ನೋಡಿದಳು. ತಾಯಿ ಟವೆಲ್ಲು ಬಿಚ್ಚಿ ಕೈಗೆ ಸುತ್ತಿಕೊಂಡು, "ಬನ್ನಿ ಬನ್ನಿ. ಡ್ಯೂಟಿ ಇತ್ತು ನೋಡಿ, ಇನ್ನೂ ಏನೂ ಜೋಡಿಸೇ ಇಲ್ಲ. ಕೂತ್ಕೊಳ್ಳಿ" ಅಂದಳು.

ಗೋಡೆಯ ಮೇಲೆ ಸಂತನ ಪಟವಿಲ್ಲ, ಗಂಡನ ಫೋಟೋ ಮಾತ್ರ. ತಾಯಿ ಮೇಜಿಗೆ ಬಿಳಿ ಬಟ್ಟೆ ಹಾಸಿದಳು. ಅಡುಗೆಮನೆಯ ಡ್ರಾಯರಿನಿಂದ ಕರೆಂಟು ಹೋದಾಗ ಹಚ್ಚುವ ಮೇಣದಬತ್ತಿ ತಂದಳು, ಅದು ಅರ್ಧ ಉರಿದಿತ್ತು. ಕಾಫಿ ಕಪ್ಪಿಗೆ ಅಕ್ಕಿ ತುಂಬಿ, ಅದರಲ್ಲಿ ನಿಲ್ಲಿಸಿ ಹಚ್ಚಿದಳು. "ಗೋಧಿ ಬೇಯಿಸೋಕೆ ಆಗ್ಲಿಲ್ಲ, ಕ್ಷಮಿಸಿ" ಎಂದು ಹಣ್ಣಿನ ಮುರಬ್ಬ, ಚಮಚ, ನೀರು ತಂದಿಟ್ಟಳು. ಗೋಧಿಯಿಲ್ಲದೆ ಸ್ಲಾವಾ ಇಲ್ಲ. ವಿದಾ ನನ್ನ ಕಡೆ ನೋಡಿದ್ದನ್ನು ನಾನು ನೋಡದ ಹಾಗೆ ಇದ್ದೆ.

ಆಮೇಲೆ ಒಲೆಯ ಮೇಲಿದ್ದ ಹುರುಳಿಕಾಯಿ ಬೀಜದ ಸಾರು ಬಡಿಸಿದಳು. ಎರಡನೆಯ ಚಮಚಕ್ಕೆ ತೆಯಾ ನಿಲ್ಲಿಸಿ, "ಟೀಚರ್, ಇದರಲ್ಲಿ ಮಾಂಸ ಇದೆ. ಉಪವಾಸ ಅಲ್ವಾ?" ಅಂದಳು.

ಬಡಿಸುವ ಕೈ ಗಾಳಿಯಲ್ಲಿ ನಿಂತಿತು. ದುನ್ಯಾ ತಲೆಯೆತ್ತಿ, "ನಾನೇ ಹಾಕ್ದೆ. ಅಮ್ಮಂಗೆ ಗೊತ್ತಿಲ್ಲ" ಅಂದಳು.

ಅದು ಒಣಗಿಸಿದ ದನದ ಮಾಂಸ. ಕಪಾಟಿನ ಮೇಲೆ ಆಸ್ಪತ್ರೆಯ ಲಕೋಟೆಯೊಂದಿತ್ತು. ಅದರ ಮೇಲಿನ ಹೆಸರು ನಾನು ಕೂತಲ್ಲಿಂದಲೇ ಕಾಣುತ್ತಿತ್ತು: ಸೆನಾದಾ ಗಾವ್ರಿಚ್. ನಮ್ಮಲ್ಲಿ ಸೆನಾದಾ ಎಂದು ಹೆಸರಿಡುವುದು ಮುಸಲ್ಮಾನರ ಮನೆಗಳಲ್ಲಿ. ನಾಲ್ಕು ತಿಂಗಳಲ್ಲಿ ಒಮ್ಮೆಯೂ ನಾನು ಆ ಹೆಸರು ವಿಚಾರಿಸಿರಲಿಲ್ಲ.

ತಟ್ಟೆ ಖಾಲಿಯಾಗುವವರೆಗೆ ತಿಂದೆ, ಮಾಂಸದ ಚೂರುಗಳನ್ನೂ ತಿಂದೆ. ಆರು ವರ್ಷದಿಂದ ಒಂದೂ ಉಪವಾಸ ಮುರಿದವಳಲ್ಲ. ಯಾಕೆ ತಿಂದೆನೋ ಗೊತ್ತಿಲ್ಲ. "ತುಂಬಾ ಚೆನ್ನಾಗಿದೆ" ಅಂದೆ. ಮೇಣದಬತ್ತಿ ಅಕ್ಕಿಯಲ್ಲಿ ಒಂದು ಕಡೆಗೆ ವಾಲುತ್ತಿತ್ತು, ದುನ್ಯಾ ಆಗಾಗ ಅದನ್ನು ನೆಟ್ಟಗೆ ಮಾಡುತ್ತಿದ್ದಳು.

ಡಿಸೆಂಬರ್ 20, ಬುಧವಾರ

ತೆಯಾಳ ಬಾಯಿ ಒಂದೇ ಬೆಳಿಗ್ಗೆಯಲ್ಲಿ ಶಾಲೆ ಸುತ್ತಿ ಬಂದಿದೆ. ಕಾರಿಡಾರಿನಲ್ಲಿ ಮಕ್ಕಳು ದುನ್ಯಾಳನ್ನು ಸುತ್ತುವರಿದು, "ಏಯ್ ದುನ್ಯಾ, ನಿಮ್ಮ ಸಂತ ಕರೆಂಟು ಹೋದಾಗ ಮಾತ್ರ ಬರ್ತಾನಂತಾ?" ಅನ್ನುತ್ತಿದ್ದರು. ನಾನು ಗದರಿದೆ, ಚದುರಿದರು, ಮೂಲೆ ತಿರುಗಿ ಮತ್ತೆ ನಕ್ಕರು.

ವಿದಾ ಬಾಗಿಲು ಹಾಕಿಕೊಂಡು ಬಂದು ಕೂತಳು. ಇವತ್ತು ಕಾಮ್ರೇಡ್ ಅನ್ನಲಿಲ್ಲ. "ಆ ಹುಡುಗಿ ನಿನ್ನ ಗುಂಪಿಗೆ ಹೇಗೆ ಬಂದ್ಳೇ?"

"ತಾಯೀನೇ ಸುತ್ತು ಹಾಕಿದ್ದು" ಅಂದೆ.

"ಆಯಮ್ಮನಾ?"

"ಚೀಟಿ ಇದೆ, ಬೇಕಾದ್ರೆ ನೋಡ್ಕೋ."

ಡಿಸೆಂಬರ್ 26, ಮಂಗಳವಾರ

ಗಂಟೆ ಹೊಡೆದ ಮೇಲೆ ದುನ್ಯಾ ನಿಂತುಕೊಂಡಳು. "ಟೀಚರ್, ನಾಗರಿಕ ಪಾಠಕ್ಕೆ ಈಗ ಸೇರ್ಕೋಬಹುದಾ?"

ಹೌದು ಅನ್ನಬಹುದಿತ್ತು. ಹಳ್ಳಿಯ ಬಸ್ಸು ಕಣ್ಣ ಮುಂದೆ ಬಂತು. "ನಿಮ್ಮಮ್ಮನೇ ಇದನ್ನ ಬರೆದುಕೊಟ್ಟಿದಾರಲ್ಲಮ್ಮ" ಅಂದೆ.

ಸ್ವಲ್ಪ ಹೊತ್ತು ಬ್ಯಾಗಿನ ಪಟ್ಟಿ ಎಳೆದಾಡಿದಳು. "ಹೌದು. ಬಿಡಿ, ಅಮ್ಮಂಗೆ ಬೇಜಾರಾಗುತ್ತೆ" ಎಂದು ಹೋದಳು.

ಜನವರಿ 6, ಶನಿವಾರ

ನಾಳೆ, ನಮ್ಮ ಚರ್ಚಿನ ಹಳೆಯ ಪಂಚಾಂಗದಂತೆ, ಕ್ರಿಸ್ಮಸ್. ಪಾದ್ರಿಗಳ ಹತ್ತಿರ ಪಾಪನಿವೇದನೆಗೆ ಹೋದೆ. ಕೋಪ ಹೇಳಿದೆ, ಸೋಮಾರಿತನ ಹೇಳಿದೆ, ವಿದಾಳ ಮೇಲಿನ ಅಸೂಯೆ ಹೇಳಿದೆ, ಉಪವಾಸದಲ್ಲಿ ಮಾಂಸ ತಿಂದದ್ದು ಹೇಳಿದೆ. ಅವರು ಮಾಂಸಕ್ಕೆ ತಲೆಯಾಡಿಸಿದರು. ಚೀಟಿಯ ಮಾತು ನಾಲಿಗೆಯವರೆಗೆ ಬಂತು, ಹಿಂದೆ ಸಾಲಿನಲ್ಲಿ ಜನ ಕೆಮ್ಮುತ್ತಿದ್ದರು, ನುಂಗಿಕೊಂಡೆ.

ಹಿಂದೆ ಪಕ್ಷದ ಸಭೆಗಳಲ್ಲಿ ಆತ್ಮವಿಮರ್ಶೆ ಮಾಡಿಸುತ್ತಿದ್ದರು. ಅಲ್ಲಿಯೂ ನಾನು ಹೀಗೆಯೇ, ಎಲ್ಲರಿಗೂ ಗೊತ್ತಿರುವ ತಪ್ಪುಗಳನ್ನು ಜೋರಾಗಿ ಒಪ್ಪಿಕೊಳ್ಳುತ್ತಿದ್ದೆ. ನನಗೆ ನನ್ನ ಮೇಲೆ ಅಸಹ್ಯವಾಗುತ್ತಿದೆ.

ಜನವರಿ 23, ಮಂಗಳವಾರ

ರಜೆ ಮುಗಿಯಿತು. ಪಾಠಪಟ್ಟಿಯಲ್ಲಿ ಇಂದು ಸುವಾರ್ತೆಯ ಶಿಷ್ಯ ಪೇತ್ರನ ಕಥೆ. ಗುರುವನ್ನು ಹಿಡಿದುಕೊಂಡು ಹೋದಾಗ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತ ನಿಂತವನನ್ನು ಜನ, ನೀನೂ ಅವನ ಕಡೆಯವನಲ್ಲವೇ ಎಂದು ಕೇಳುತ್ತಾರೆ. ಅಲ್ಲ ಅನ್ನುತ್ತಾನೆ, ಮೂರು ಸಲ. ಹುಂಜ ಕೂಗುತ್ತದೆ. ಹೊರಗೆ ಹೋಗಿ ಅಳುತ್ತಾನೆ. ಈ ಪಾಠ ನಾನು ಚೆನ್ನಾಗಿ ಮಾಡುತ್ತೇನೆ, ಮಕ್ಕಳ ಕಣ್ಣಲ್ಲಿ ನೀರು ತರಿಸುತ್ತೇನೆ. ಇಂದು ಮೂರು ಎನ್ನುವಾಗ ಪುಸ್ತಕ ಮುಚ್ಚಿದೆ. ಚೀಟಿಯ ಬಗ್ಗೆ ನಾನು ಹೇಳಿದ ಸುಳ್ಳುಗಳೂ ಮೂರೇ, ಹಿಂದಿನ ಪುಟಗಳನ್ನು ತಿರುವಿ ಲೆಕ್ಕ ಮಾಡಬೇಕಾಗಿಯೂ ಇರಲಿಲ್ಲ.

ದುನ್ಯಾ ಕೈ ಎತ್ತಿದಳು. ಅಕ್ಟೋಬರಿನಿಂದ ಇದೇ ಮೊದಲು.

"ಟೀಚರ್, ಬೆಂಕಿ ಹತ್ರ ನಿಂತಿದ್ದವರು ಕೇಳದೇ ಇದ್ದಿದ್ರೆ ಅವನು ಸುಳ್ಳು ಹೇಳ್ತಾನೇ ಇರ್ಲಿಲ್ಲ ಅಲ್ವಾ?"

ತೆಯಾ ಕೂಡ ನಗಲಿಲ್ಲ. ನಾನು ಕ್ಯಾಲೆಂಡರಿನ ಕಡೆ ತಿರುಗಿದೆ. "ಹೌದು, ಹೇಳ್ತಿರ್ಲಿಲ್ಲ" ಅಂದೆ. ಇಷ್ಟು ವರ್ಷ ಪಾಠ ಮಾಡಿದರೂ ಆ ಕಥೆಯಲ್ಲಿ ಕೇಳುವವರು ಇದ್ದಾರೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಜನವರಿ 24, ಬುಧವಾರ

ಮಧ್ಯಾಹ್ನ ಸೆನಾದಾಳ ಮನೆಗೆ ಹೋದೆ. ಕೈಯಲ್ಲಿ ಏನನ್ನೂ ಒಯ್ಯಲಿಲ್ಲ. ದುನ್ಯಾ ಮೇಜಿನ ಮೇಲೆ ಲೆಕ್ಕ ಮಾಡುತ್ತ ಕೂತಿದ್ದಳು. ಆಕೆ ಕಾಫಿಗೆ ನೀರಿಟ್ಟು ಬಂದು ಕೂತಳು.

"ಅವತ್ತು ಮಾಂಸ ಹಾಕಿದ್ದು ನಾನೇ ಟೀಚರ್, ಅವಳಲ್ಲ. ನಾನು ನಿಮ್ಮ ಹಾಗೆ ಬೆಳೆದವಳಲ್ಲ. ನಮ್ಮಪ್ಪ ಮಸೀದಿಗೆ ಹೋಗ್ತಿದ್ರು. ನನ್ನ ಮದ್ವೆ ಆದ್ಮೇಲೆ ನಮ್ಮ ಮನೆಯವರೂ ಬರ್ಲಿಲ್ಲ, ಇವರ ಮನೆಯವರೂ ಬರ್ಲಿಲ್ಲ. ಸ್ಲಾವಾ ಇವರ ಅಣ್ಣನ ಮನೇಲಿ ಉಳೀತು. ಯಾವ ಸಂತ ಅಂತ ಇವರು ಒಂದಿನವೂ ಹೇಳಲಿಲ್ಲ."

"ಮತ್ತೆ ಧರ್ಮಪಾಠ..." ಅಂದೆ.

"ಇವಳು ಬಂದು ನಾನು ಧರ್ಮಪಾಠದಲ್ಲಿದೀನಿ ಅಂದ್ಳು. ಅವಳೇ ಕೇಳಿ ಸೇರ್ಕೊಂಡಿದಾಳೆ ಅಂದ್ಕೊಂಡೆ. ಬೇಡ ಅಂದ್ರೆ ಅಪ್ಪನ ಕಡೇದನ್ನ ಕಿತ್ಕೊಂಡ ಹಾಗಾಗುತ್ತೆ ಅಂತ ಸುಮ್ಮನಾದೆ."

ದುನ್ಯಾ ಪೆನ್ಸಿಲ್ ಕೆಳಗಿಟ್ಟಳು. "ನಾನ್ಯಾವಾಗ ಕೇಳ್ದೆ? ನೀನೇ ಬರೆದುಕೊಟ್ಟೆ ಅಂದ್ಕೊಂಡಿದ್ದೆ, ಟೀಚರೂ ಹಾಗೇ ಅಂದ್ರು. ನಿಂಗೆ ಇಷ್ಟ ಅಂತ ನಾನು ಸುಮ್ಮನಿದ್ದೆ."

"ನಾನು ಬರೀಲಿಲ್ಲ ಕಂದ. ನಾನು ಖಾಲಿ ಬಿಟ್ಟಿದ್ದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಐದು ತಿಂಗಳು ಒಬ್ಬಳಿಗಾಗಿ ಇನ್ನೊಬ್ಬಳು ಸಹಿಸಿದ್ದಳು. ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಹಾಗಾದ್ರೆ ಯಾರು?" ಅಂದಳು ದುನ್ಯಾ.

"ನಾನು" ಅಂದೆ. "ಒಂದು ಹೆಸರು ಕಡಿಮೆ ಇತ್ತು. ನನ್ನ ಕೆಲಸಕ್ಕೋಸ್ಕರ ನಾನೇ ಸುತ್ತು ಹಾಕಿದೆ. ನಿನ್ನನ್ನ ಎಲ್ಲರ ಮುಂದೆ ಎಬ್ಬಿಸಿ ಕೇಳಿದವಳೂ ನಾನೇ."

ಸೆನಾದಾ ಕೂಗಾಡಲಿಲ್ಲ. ಎದ್ದು ಹೋಗಿ ಕುದಿಯುತ್ತಿದ್ದ ಕಾಫಿಯ ಒಲೆ ಆರಿಸಿದಳು. ಈ ಊರಿನಲ್ಲಿ ಜಗಳವಾಡಿದವರಿಗೂ ಕಾಫಿ ಕೊಡುತ್ತಾರೆ. ನಾನು ಹೊರಟಾಗ ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದಳು: "ಮರೆತು ಬಿಟ್ಟಿದ್ದಲ್ಲ ಟೀಚರ್. ಮೊದಲನೇದಕ್ಕೆ ಹಾಕಿದ್ರೆ ನನ್ನವರಿಗೆ ಅನ್ಯಾಯ, ಎರಡನೇದಕ್ಕೆ ಹಾಕಿದ್ರೆ ಅವರಪ್ಪನಿಗೆ. ಎರಡು ಸಂಜೆ ಆ ಕಾಗದ ಮುಂದಿಟ್ಕೊಂಡು ಕೂತಿದ್ದೆ. ಆಮೇಲೆ ಹಾಗೇ ಸಹಿ ಮಾಡಿ ಕಳಿಸ್ದೆ."

ಕ್ಷಮಿಸಿ ಅಂದೆ. ಆಕೆ ಬಾಗಿಲು ಹಾಕಿಕೊಂಡಳು.

ಜನವರಿ 30, ಮಂಗಳವಾರ

ಗುರುವಾರ ದುನ್ಯಾಳ ಕೈಲಿ ಹೊಸ ಚೀಟಿ ಕಳಿಸಿದ್ದೆ. ಇಂದು ಮಡಿಚಿ ತಂದುಕೊಟ್ಟಳು. ಸೆಪ್ಟೆಂಬರಿನ ಸಹಿ ಬರೀ ಒಂದು ಗೀಚು. ಇದರಲ್ಲಿ ಪೂರ್ತಿ ಹೆಸರು ದುಂಡಗೆ ಬರೆದಿದೆ, ಸೆನಾದಾ ಗಾವ್ರಿಚ್. ಮೇಲಿನ ಎರಡು ಸಾಲುಗಳಲ್ಲಿ ಯಾವುದಕ್ಕೂ ಸುತ್ತಿಲ್ಲ.

ಹೆಡ್ಮಾಸ್ಟರ್ ಮುಂದೆ ಇಟ್ಟೆ. "ಏನ್ರೀ ಇದು, ಮತ್ತೆ ಖಾಲಿ?" ಎಂದು ಪೆನ್ನನ್ನು ನನ್ನ ಕಡೆ ಉರುಳಿಸಿದರು. "ವರ್ಷದ ಮಧ್ಯ ಗುಂಪು ಒಡೆಯೋದು ಬೇಡ. ಹಾಕಿಬಿಡಿ ಅತ್ಲಾಗೆ, ಯಾರು ಕೇಳ್ತಾರೆ?"

"ಖಾಲಿ ಅಲ್ಲ ಸರ್. ಅವರು ಬರೆದಿರೋದೇ ಅಷ್ಟು."

"ಹದಿನಾಲ್ಕಾಗುತ್ತೆ ರಾದೊಯ್ಕಾ."

"ಸೆಪ್ಟೆಂಬರಿನಲ್ಲೂ ಹದಿನಾಲ್ಕೇ ಇತ್ತು. ಆ ಸುತ್ತು ನಾನು ಹಾಕಿದ್ದು."

ಹೆಡ್ಮಾಸ್ಟರ್ ಕನ್ನಡಕ ತೆಗೆದಿಟ್ಟರು. ಆಮೇಲೆ ಒಂದು ಬಿಳಿ ಹಾಳೆ ತಳ್ಳಿ, ಅದನ್ನೇ ಬರೆದುಕೊಡಿ ಅಂದರು. ಬರೆದುಕೊಟ್ಟೆ. ನಾಲ್ಕು ಸಾಲು, ಯಾವ ಕಾರಣವನ್ನೂ ಸೇರಿಸಲಿಲ್ಲ. ವಿದಾಗೂ ಹೇಳಿದೆ. ಅವಳು ನಗಲಿಲ್ಲ, "ಹಳ್ಳಿ ಬಸ್ಸಿಗೆ ದಪ್ಪ ಸಾಕ್ಸ್ ಹಾಕ್ಕೋ" ಅಂದಳು.

ಹದಿನಾಲ್ಕು ಮಕ್ಕಳಿಗೂ ಹೇಳಿದೆ. ಗುಂಪು ಯಾಕೆ ನಿಲ್ಲುತ್ತಿದೆ ಎಂದು ತೆಯಾ ಕೇಳಿದಳು. ಟೀಚರ್ ಒಂದು ತಪ್ಪು ಮಾಡಿದರು, ಅದಕ್ಕೆ, ಅಂದೆ. ಯಾರಿಗೆ ಅಂತ ಹೇಳಲಿಲ್ಲ.

ಫೆಬ್ರವರಿ 6, ಮಂಗಳವಾರ

ಹಳ್ಳಿಯಿಂದ ಸಂಜೆ ಬಸ್ಸಿನಲ್ಲಿ ಬಂದು ನನ್ನ ಸಾಮಾನು ತೆಗೆದುಕೊಳ್ಳಲು ಶಾಲೆಗೆ ಹೋದೆ. ಈ ವಾರ ಐದನೆಯ ತರಗತಿಗೆ ಮಧ್ಯಾಹ್ನದ ಪಾಳಿ, ಅದು ಬಿಡುವ ಹೊತ್ತು. ಗೋಡೆಯಿಂದ ಕ್ಯಾಲೆಂಡರ್ ಇಳಿಸಿದೆ. ಡಿಸೆಂಬರ್ ಹತ್ತೊಂಬತ್ತರ ಚೌಕದಲ್ಲಿ ಆರು ಹೆಸರು. ಐದು ಪೆನ್ನಿನಲ್ಲಿವೆ. ಕೊನೆಯದು, ತುಂಬ ಸಣ್ಣದು, ಪೆನ್ಸಿಲಿನಲ್ಲಿದೆ. ಅಕ್ಟೋಬರಿನಲ್ಲಿಯೇ ಅವಳು ಒರೆಸಲು ಬರುವ ಹಾಗೆ ಬರೆದಿದ್ದಳು. ನನ್ನ ಸುತ್ತು ಪೆನ್ನಿನದು.

ದುನ್ಯಾ ಬ್ಯಾಗು ಹೊತ್ತು ಬಾಗಿಲ ಹತ್ತಿರ ಹಾದುಹೋಗುತ್ತಿದ್ದಳು. ಒಳಗೆ ಕರೆದೆ. ಕ್ಯಾಲೆಂಡರನ್ನು ಮೇಜಿನ ಮೇಲೆ ಹಾಸಿ, ರಬ್ಬರ್ ತೆಗೆದು ಅವಳ ಮುಂದೆ ಇಟ್ಟೆ.

ಅವಳು ನಿಧಾನವಾಗಿ, ಪಕ್ಕದ ಹೆಸರಿಗೆ ತಾಗದಂತೆ ಒರೆಸಿದಳು. ಪುಡಿಯನ್ನು ಊದಿದಳು. ಪೆನ್ಸಿಲ್ ಹಿಡಿದು ಇಡೀ ವರ್ಷದ ಮೇಲೆ ಒಮ್ಮೆ ಕಣ್ಣಾಡಿಸಿ, ಎಲ್ಲಿಯೂ ಏನೂ ಬರೆಯದೆ ಜೇಬಿಗೆ ಹಾಕಿಕೊಂಡಳು. ಯಾವ ದಿನ ನೋಡಿದೆ ಎಂದು ಕೇಳಲು ನನ್ನ ಬಾಯಿ ತೆರೆದಿತ್ತು.

ಕೇಳಲಿಲ್ಲ.

"ಬರ್ತೀನಿ ಟೀಚರ್" ಅಂದಳು. ಕ್ಯಾಲೆಂಡರ್ ಸುತ್ತಿಕೊಂಡು ನಾನೂ ಹೊರಟೆ.